ಶುಗರ್ ನೋಡೋ ಡಾಕ್ಟ್ರಿಗೆ ವಸಡಿನ ವಿಷ್ಯ ಹೇಳ್ಬೇಕಾ?

ಅಮ್ಮಂಗೆ ಹಲ್ಲುಜ್ಜುವಾಗ ರಕ್ತ ಬರುತ್ತೆ, ಮಾತ್ರೆ ತಗೊಂಡ್ರೂ ಶುಗರ್ ಇಳೀತಿಲ್ಲ, ಇದನ್ನ ಫ್ಯಾಮಿಲಿ ಡಾಕ್ಟ್ರಿಗೆ ಹೇಳ್ಬೇಕಾ ಅಂತ ಚಿತ್ರದುರ್ಗದಿಂದ ಕೇಳಿದೀರ. ಹೇಳ್ಲೇಬೇಕ್ರಿ, ಅವರಾಗೇ ಕೇಳ್ತಾರೆ ಅಂತ ಕಾಯಬೇಡಿ.

ನಂದು ದಾವಣಗೆರೇಲಿ ಮೆಡಿಕಲ್ ಶಾಪ್. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಚೀಟಿ ಹಿಡ್ಕೊಂಡು ಬಂದೋರೇ "ಹಂಗೇ ವಸಡಿಗೆ ಹಚ್ಚೋ ಗಮ್ ಪೇಂಟ್ ಒಂದು ಕೊಡ್ರಿ, ವಸಡು ಊದೈತೆ" ಅಂತಾರೆ, ಡಾಕ್ಟ್ರಿಗೆ ಹೇಳಿದ್ರಾ ಅಂದ್ರೆ "ಹಲ್ಲಿನ ವಿಷ್ಯ ಅವರಿಗ್ಯಾಕ್ರೀ" ಅಂತಾರೆ. ಡಾಕ್ಟ್ರೂ ಟಾರ್ಚ್ ಬಿಟ್ಟು ನಾಲಿಗೆ, ಗಂಟಲು ನೋಡ್ತಾರೆ, ತುಟಿ ಎತ್ತಿ ವಸಡು ನೋಡೋರು ಕಮ್ಮಿ. ಎಂಬಿಬಿಎಸ್‌ನಲ್ಲಿ ಹಲ್ಲಿನ ಪಾಠ ಇರೋದೇ ಸ್ವಲ್ಪ, ಹೊರಗೆ ನೋಡಿದ್ರೆ ಪೇಶೆಂಟ್ ಕ್ಯೂ, ಹಂಗಾಗಿ ಬಿಟ್ಟೋಗುತ್ತೆ, ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷ್ಯ.

ಯಾಕಂದ್ರೆ ಶುಗರ್ ಜಾಸ್ತಿ ಇದ್ರೆ ವಸಡಿಗೆ ಸೋಂಕು ಬೇಗ ಹತ್ತುತ್ತೆ, ವಸಡು ಸದಾ ಊದ್ಕೊಂಡಿದ್ರೆ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ, ಶುಗರ್ ಮತ್ತೆ ಏರುತ್ತೆ. ವಸಡಿನ ಟ್ರೀಟ್‌ಮೆಂಟ್ ಮಾಡಿಸಿದ ಶುಗರ್ ಪೇಶೆಂಟ್‌ಗಳಲ್ಲಿ 3-4 ತಿಂಗಳಿಗೆ ಎಚ್‌ಬಿಎ1ಸಿ, ಅಂದ್ರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟಿನ ಶೇಕಡಾ ಅಂಕಿ, ಸರಾಸರಿ 0.4ರಷ್ಟು ಇಳಿದಿರೋದು ಸಂಶೋಧನೆಗಳಲ್ಲಿ ಕಂಡೈತೆ. ಹಂಗಂತ ಮಾತ್ರೆ ಬಿಡೋ ಹಾಗಿಲ್ಲ. ಗಮ್ ಪೇಂಟ್ ಹಚ್ಚಿದ್ರೆ ನೋವು ಕಮ್ಮಿ ಆಗ್ಬಹುದು ಅಷ್ಟೇ, ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತಿರೋ ಕೊಳೆ ಹಲ್ಲಿನ ಡಾಕ್ಟ್ರ ಹತ್ರ ಸ್ಕೇಲಿಂಗ್ (ಹಲ್ಲು ಕ್ಲೀನ್) ಮಾಡಿಸದೆ ಹೋಗಲ್ಲ.

ಅಮ್ಮ ಬಿಪಿಗೆ ಆಮ್ಲೋಡಿಪಿನ್ ತಗೋತಾರಾ? ಕೆಲವರಿಗೆ ಅದರಿಂದಲೂ ವಸಡು ದಪ್ಪ ಆಗುತ್ತೆ, ಫಿಟ್ಸಿನ ಫೆನಿಟಾಯಿನ್‌ನಿಂದಲೂ ಅಷ್ಟೇ, ನೀವಾಗೇ ನಿಲ್ಲಿಸ್ಬೇಡಿ, ಬರೆದುಕೊಟ್ಟ ಡಾಕ್ಟ್ರನ್ನ ಕೇಳ್ರಿ. ಹಾರ್ಟ್ ವಾಲ್ವ್ ಬದಲಾಯಿಸಿರೋರು ಹಲ್ಲು ಕೀಳಿಸೋ ಮುಂಚೆ, ಸ್ಕೇಲಿಂಗಿಗೂ ಮುಂಚೆ, ಆಂಟಿಬಯಾಟಿಕ್ ತಗೋಬೇಕು. ಮೂಳೆ ಸವೆತಕ್ಕೆ ಝೋಲೆಡ್ರೋನಿಕ್ ಇಂಜೆಕ್ಷನ್ ಹಾಕಿಸ್ಕೊಂಡಿದ್ರೆ ಹಲ್ಲಿನ ಡಾಕ್ಟ್ರಿಗೆ ಮೊದಲೇ ಹೇಳ್ರಿ, ಹಲ್ಲು ಕಿತ್ತ ಜಾಗ ಮಾಯದೆ ದವಡೆ ಮೂಳೆಗೇ ತೊಂದ್ರೆ ಆಗೋ ಸಾಧ್ಯತೆ ಇರುತ್ತೆ.

ದಾವಣಗೆರೆಗೆ ಬರೋದಾದ್ರೆ ಇಲ್ಲಿ ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇದಾವೆ, ವಸಡಿಗೆ ಪೆರಿಯೋ ವಿಭಾಗ ಕೇಳ್ರಿ. ಶುಗರ್ ಫೈಲು, ಮಾತ್ರೆ ಚೀಟಿ ಜತೆಗಿರ್ಲಿ, ಹಲ್ಲಿನ ಡಾಕ್ಟ್ರು ಏನ್ ನೋಡಿದ್ರು ಅಂತ ಬರೆಸ್ಕೊಂಡು ಬಂದು ನಿಮ್ಮ ಡಾಕ್ಟ್ರ ಟೇಬಲ್ ಮೇಲೆ ಇಡ್ರಿ. ಅಮ್ಮನ್ನ ಖಾಲಿ ಹೊಟ್ಟೇಲಿ ಕರ್ಕೊಂಡು ಬರ್ಬೇಡಿ, ತಿಂಡಿ ಮಾತ್ರೆ ಎರಡೂ ಆಗಿರ್ಲಿ.