ಮನೆಯವರೆಲ್ಲ ಬಳಸುವ ಕಂಪ್ಯೂಟರಿನಲ್ಲಿ ನನ್ನ ಫೈಲುಗಳನ್ನು ಹೈಡ್ ಮಾಡಿಟ್ಟರೆ ಸಾಕಾ?

ನೀವು ಬರೆದಿದ್ದೀರಿ: ಕುಮಟಾದ ಮನೆಯಲ್ಲಿ ಒಂದೇ ಕಂಪ್ಯೂಟರ್, ಬಳಸುವವರು ಐದು ಜನ, ನಿಮ್ಮ ಫೋಲ್ಡರನ್ನು ಹೈಡ್ ಮಾಡಿಟ್ಟಿದ್ದೀರಿ, ಅಷ್ಟು ಸಾಕಾ ಅಂತ. ಸಾಲದು.

ನಾನೂ ಹಾಗೇ ಮಾಡಿದ್ದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಕಂಪ್ಯೂಟರ್ ಇರುವುದು ಜಗಲಿಯಲ್ಲಿ. ಅಪ್ಪಯ್ಯನ ಅಡಿಕೆ ಲೆಕ್ಕವೂ ಅದರಲ್ಲೇ, ತಮ್ಮನ ಕಾಲೇಜಿನ ಕೆಲಸವೂ ಅದರಲ್ಲೇ. ಎಲ್ಲರಿಗೂ ಒಂದೇ ಅಕೌಂಟ್. ನನ್ನ ಒಂದು ಸ್ಕ್ಯಾನಿಂಗ್ ರಿಪೋರ್ಟನ್ನು ಹೈಡ್ ಮಾಡಿಟ್ಟಿದ್ದೆ. ಡಾಕ್ಟರನ್ನು ಇನ್ನೊಮ್ಮೆ ಕಂಡು ಬಂದಮೇಲೆ ಆಯಿಗೆ ನಾನೇ ಹೇಳಬೇಕು ಅಂತಿದ್ದೆ. ತಮ್ಮ ತನ್ನದೇನೋ ಫೈಲ್ ಹುಡುಕುತ್ತಾ 'ಹಿಡನ್ ಐಟಮ್ಸ್' ಅನ್ನುವಲ್ಲಿ ಒಂದು ಟಿಕ್ ಹಾಕಿದ. ನನ್ನ ಫೋಲ್ಡರ್ ಮಸುಕಾಗಿ ಕಂಡೇಬಿಟ್ಟಿತು. ಸಂಜೆ ನಾನು ಮನೆಗೆ ಬಂದಾಗ ಆಯಿ ಒಲೆ ಮುಂದೆ ಕೂತು ಅಳುತ್ತಿದ್ದಳು. ತಮ್ಮನದು ತಪ್ಪಲ್ಲ. ಬೀಗ ಹಾಕದೆ ಇಟ್ಟವಳು ನಾನು.

ಹಾಗಾಗಿ ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿ. ಅಡ್ಮಿನಿಸ್ಟ್ರೇಟರ್, ಅಂದರೆ ಕಂಪ್ಯೂಟರಿನ ಪೂರ್ತಿ ಅಧಿಕಾರ ಇರುವವರು, ಒಬ್ಬರೇ ಇರಲಿ, ಉಳಿದವರದ್ದು ಸ್ಟ್ಯಾಂಡರ್ಡ್, ಅಂದರೆ ಸಾಮಾನ್ಯ ಅಕೌಂಟ್. ಅಡ್ಮಿನ್ ಆದವರು ಒಂದು ಕ್ಲಿಕ್‌ನಲ್ಲಿ ನಿಮ್ಮ ಫೋಲ್ಡರಿಗೂ ಹೋಗಬಹುದು, ಅದಕ್ಕೇ ಈ ಮಾತು. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಸ್ಕ್ರೀನ್ ಲಾಕ್ ಆಗುತ್ತದೆ.

ಆದರೆ ಲಾಗಿನ್ ಪಾಸ್‌ವರ್ಡ್ ಕಾಯುವುದು ಬಾಗಿಲನ್ನು ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತಲಿಪಿಗೆ ಬದಲಾಗಿಲ್ಲದಿದ್ದರೆ, ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ, ಪೆನ್‌ಡ್ರೈವ್‌ನಿಂದ ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್ ಶುರು ಮಾಡಿದರೂ ಎಲ್ಲ ಓದಬಹುದು. ರಿಪೇರಿಗೆ ಕೊಟ್ಟಾಗ ನೆನಪಿರಲಿ. ವಿಂಡೋಸ್ ಪ್ರೊದಲ್ಲಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದೆ, ಕಂಪ್ಯೂಟರ್ ಕಳ್ಳತನವಾದರೆ ಫೈಲುಗಳನ್ನು ಕಾಯಲು ಒಳ್ಳೆಯದೇ. ಆದರೆ ಡಿಸ್ಕಿಗೆ ಅದನ್ನು ಹಾಕಿದರೂ, ಕಂಪ್ಯೂಟರ್ ಶುರುವಾದ ಮೇಲೆ ಡಿಸ್ಕ್ ಮನೆಯವರೆಲ್ಲರಿಗೂ ತೆರೆದೇ ಇರುತ್ತದೆ.

ನಿಮಗೆ ಬೇಕಾದ್ದು ನಿಮ್ಮ ಫೈಲುಗಳಿಗೆ ಮಾತ್ರ ಒಂದು ಪೆಟ್ಟಿಗೆ. ನಾನು ಬಳಸುವುದು ವೆರಾಕ್ರಿಪ್ಟ್ ಅನ್ನುವ ಎನ್‌ಕ್ರಿಪ್ಟ್ ಮಾಡುವ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ. 2014ರಲ್ಲಿ ನಿಂತುಹೋದ ಟ್ರೂಕ್ರಿಪ್ಟ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್ ಮೇಲೆ ಕಟ್ಟಿದ್ದು. ಅದರಲ್ಲಿ ಒಂದು ಕಂಟೈನರ್ ಫೈಲ್ ಮಾಡುತ್ತೀರಿ, ಎಷ್ಟು ಜಿಬಿ ಅಂತ ನೀವೇ ಹೇಳುತ್ತೀರಿ. ಪಾಸ್‌ವರ್ಡ್ ಕೊಟ್ಟು ಮೌಂಟ್ ಮಾಡಿದರೆ ಹೊಸ ಡ್ರೈವ್ ಹಾಗೆ ಕಾಣುತ್ತದೆ. ಅನ್‌ಮೌಂಟ್ ಮಾಡಿದರೆ ಮುಚ್ಚಿಕೊಂಡಿತು.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಮೌಂಟ್ ಮಾಡಿದ ಡ್ರೈವ್ ಆ ಹೊತ್ತಿನಲ್ಲಿ ಲಾಗಿನ್ ಆದ ಎಲ್ಲರಿಗೂ ಕಾಣುತ್ತದೆ. ನೀವು ಸುಮ್ನೆ 'ಸ್ವಿಚ್ ಯೂಸರ್' ಕೊಟ್ಟು ತಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟರೆ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇರುತ್ತದೆ. ಏಳುವ ಮುಂಚೆ ಅನ್‌ಮೌಂಟ್ ಮಾಡಲೇಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಲ್ಲ, ಬರೆಯುತ್ತಿರುವಾಗಲೇ ಹೋದರೆ ಫೈಲ್ ಕೆಡಬಹುದು. ಅದಕ್ಕೂ ಕೆಲಸ ಮುಗಿದ ಕೂಡಲೇ ಮುಚ್ಚುವುದೇ ಒಳ್ಳೆಯದು.

ಪಾಸ್‌ವರ್ಡ್ 20 ಅಕ್ಷರಕ್ಕಿಂತ ಉದ್ದ ಇರಲಿ. ಮನೆಮಾತಿನ ಒಂದು ಇಡೀ ವಾಕ್ಯವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಆಯ್ತು. ಮರೆತರೆ ಯಾರೂ ತೆಗೆದುಕೊಡಲಾರರು. ನಾನು ಚೀಟಿಯಲ್ಲಿ ಬರೆದು ಗೋದ್ರೇಜ್ ಕಪಾಟಿನಲ್ಲಿ ಇಟ್ಟಿದ್ದೇನೆ, ಕೀ ನನ್ನ ಹತ್ತಿರ. ಬೇರೆಯವರಿಗೆ ಕಂಟೈನರನ್ನು ಓದಲಾಗದಿದ್ದರೂ ಅವರು ಅದನ್ನು ಡಿಲೀಟ್ ಮಾಡಿಬಿಡುವ ಸಾಧ್ಯತೆ ಇದೆ, ಅದು ಒಂದು ಫೈಲ್ ಅಷ್ಟೇ ಅಲ್ವಾ. ಆ ಫೈಲಿನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ. ಬ್ರೌಸರಿನಲ್ಲಿ ಪಾಸ್‌ವರ್ಡ್ ಸೇವ್ ಮಾಡಬೇಡಿ, ವಾಟ್ಸಾಪ್ ವೆಬ್‌ನಿಂದ ಲಾಗೌಟ್ ಆಗಿ.

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ತಮ್ಮನನ್ನೋ ತಂಗಿಯನ್ನೋ ಕರೆದು ಅವರ ಅಕೌಂಟಿನಿಂದ ಹುಡುಕಲು ಹೇಳಿ, ಪಕ್ಕದಲ್ಲೇ ಕೂತು ನೋಡಿ. ಏನಾದರೂ ಕಂಡರೆ ಇಲ್ಲೇ ಬರೆಯಿರಿ, ನೋಡೋಣ.