ಸ್ಟಾರ್-ಡೆಲ್ಟಾ ಸ್ಟಾರ್ಟರಿನ ರಿಲೇಯನ್ನು 21ಕ್ಕೆ ಏರಿಸಿರುವ ಮೂಡಿಗೆರೆಯ ಬೆಳೆಗಾರರಿಗೆ

ಇಂದು ಬೆಳಿಗ್ಗೆ ತಾವು ಬೆಳೆಗಾರರ ಗುಂಪಿನಲ್ಲಿ ಬರೆದಿರುವುದನ್ನು ಎರಡು ಸಲ ಓದಿದೆ. ಹದಿನೈದು ಎಚ್‌ಪಿ ಪಂಪ್ ಮೋಟಾರು, ಅದನ್ನು ಸ್ಟಾರ್ ಜೋಡಣೆಯಲ್ಲಿ ಮೆಲ್ಲಗೆ ಹೊರಡಿಸಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರು. ರೊಬಸ್ಟಾ ಕಾಫಿಗೆ ಹೂ ನೀರು (ಹೂ ಅರಳಲೆಂದು ಹಾಯಿಸುವ ನೀರು) ಕೊಡುವಾಗ, ಕರೆಂಟು ಮಿತಿ ಮೀರಿದರೆ ಮೋಟಾರು ನಿಲ್ಲಿಸಲೆಂದು 12 ಆಂಪಿಯರಿಗೆ ಇಟ್ಟಿದ್ದ ಓವರ್‌ಲೋಡ್ ರಿಲೇ ಒಂದೇ ರಾತ್ರಿ ಮೂರು ಸಲ ಟ್ರಿಪ್ ಆಯಿತು. ನೇಮ್‌ಪ್ಲೇಟಿನಲ್ಲಿ 21 ಎಂದಿರುವುದನ್ನು ನೋಡಿ, ಹಿಂದಿನವರು ತಪ್ಪಾಗಿ ಇಟ್ಟಿದ್ದಾರೆಂದು ತಿಳಿದು, ದೊಡ್ಡ ರೇಂಜಿನ ರಿಲೇ ಹಾಕಿಸಿ 21ಕ್ಕೆ ಇಟ್ಟಿದ್ದೀರಿ. ಈಗ ಟ್ರಿಪ್ ಇಲ್ಲ, ಮೋಟಾರಿನ ಮೈ ಮಾತ್ರ ಸ್ವಲ್ಪ ಬಿಸಿ ಎಂದಿದ್ದೀರಿ. ಅದರ ಕೆಳಗೆ ನಾಲ್ವರು ‘ಒಳ್ಳೆಯದಾಯಿತು’ ಎಂದು ಬರೆದಿದ್ದಾರೆ. ಒಳ್ಳೆಯದಾಗಿಲ್ಲ. ಇಂದು ರಾತ್ರಿ ಮೋಟಾರು ಹಾಕುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿರಿ.

ಹಿಂದಿನವರು ಇಟ್ಟಿದ್ದ 12 ಬಹುಶಃ ಸರಿಯಾಗಿಯೇ ಇತ್ತು. ಸಾಮಾನ್ಯವಾಗಿ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಕೂರುವುದು ಮೇನ್ ಕಾಂಟ್ಯಾಕ್ಟರಿನ (ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್ಚಿನ) ಕೆಳಗೆ, ಮೋಟಾರಿನ ವೈಂಡಿಂಗಿಗೆ, ಅಂದರೆ ಒಳಗಿನ ತಂತಿ ಸುರುಳಿಗಳಿಗೆ, ಹೋಗುವ ದಾರಿಯಲ್ಲಿ. ಡೆಲ್ಟಾದಲ್ಲಿ ಓಡುವಾಗ ಲೈನಿನ ಕರೆಂಟು ಎರಡು ಸುರುಳಿಗಳಿಗೆ ಹಂಚಿಹೋಗುವುದರಿಂದ ಆ ದಾರಿಯಲ್ಲಿ ಹರಿಯುವುದು ಲೈನಿನ ಶೇಕಡಾ 58 ಮಾತ್ರ. 21ರಲ್ಲಿ ಶೇಕಡಾ 58 ಎಂದರೆ ಸುಮಾರು 12. ತಾವು ಅಲ್ಲಿ 21 ಇಟ್ಟಿರುವುದರ ಅರ್ಥ, ಲೈನಿನಲ್ಲಿ 36 ಆಂಪಿಯರ್ ಹರಿದರೂ ರಿಲೇ ಸುಮ್ಮನಿರುತ್ತದೆ ಎಂದು. ಕೆಲವು ಪ್ಯಾನೆಲ್‌ಗಳಲ್ಲಿ ಮಾತ್ರ ರಿಲೇಯನ್ನು ಒಳಬರುವ ಲೈನಿಗೇ ಕೊಟ್ಟಿರುತ್ತಾರೆ, ಅಲ್ಲಿ ನೇಮ್‌ಪ್ಲೇಟಿನ ಸಂಖ್ಯೆಯನ್ನೇ ಇಡಬೇಕು. ಆದ್ದರಿಂದ ಮೊದಲು ತಂತಿಗಳು ಎಲ್ಲಿಗೆ ಹೋಗಿವೆಯೆಂದು ನೋಡಿರಿ: ರಿಲೇಯಿಂದ ಹೊರಟ ಮೂರು ತಂತಿಗಳು ನೇರವಾಗಿ ಮೋಟಾರಿಗೆ ಹೋಗಿದ್ದರೆ 12, ಅವು ಕಾಂಟ್ಯಾಕ್ಟರುಗಳಿಗೆ ಹೋಗಿ ಅಲ್ಲಿಂದ ಕವಲೊಡೆದಿದ್ದರೆ 21.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಹದಿಮೂರು ವರ್ಷಗಳ ಹಿಂದೆ, ಸಕಲೇಶಪುರದ ಈಚೆಗಿರುವ ನಮ್ಮ ತೋಟದಲ್ಲಿ, ಇದೇ ಮಾರ್ಚ್ ತಿಂಗಳಲ್ಲಿ, ಇದೇ ಎಚ್‌ಪಿ ಮೋಟಾರಿಗೆ ನಾನು ಇದನ್ನೇ ಮಾಡಿದೆ. ಸ್ಪ್ರಿಂಕ್ಲರ್ ಜೆಟ್ ಬದಲಿಸುವ ಆಳುಗಳು ಕಾಯುತ್ತ ನಿಂತಿದ್ದರು, ಕೆರೆಯ ನೀರು ಇಳಿಯುತ್ತಿತ್ತು, ರಿಲೇ ಮಾತ್ರ ಗಂಟೆಗೊಮ್ಮೆ ಬೀಳುತ್ತಿತ್ತು. ರಿಲೇ ಕೆಟ್ಟಿದೆ ಎಂದು ನಾನೇ ತೀರ್ಮಾನಿಸಿ ಏರಿಸಿಟ್ಟೆ. ಎರಡು ರಾತ್ರಿ ಚೆನ್ನಾಗಿ ಓಡಿತು. ಮೂರನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಪಂಪ್‌ಹೌಸಿನಿಂದ ವಾರ್ನಿಷ್ ಸುಟ್ಟ ವಾಸನೆ ಬಂದಿತು. ಹಾಸನದಲ್ಲಿ ವೈಂಡಿಂಗ್ ಮಾಡುವವರು ಮೋಟಾರು ಬಿಚ್ಚಿ ತೋರಿಸಿದಾಗ, ಮೂರು ಫೇಸಿನ ಸುರುಳಿಗಳಲ್ಲಿ ಒಂದು ಫೇಸಿನವು ಮಾತ್ರ ಇದ್ದಿಲಿನಂತೆ ಕಪ್ಪಾಗಿದ್ದವು, ಉಳಿದೆರಡು ಹೊಸದರಂತೆ ಹೊಳೆಯುತ್ತಿದ್ದವು. ಡೆಲ್ಟಾ ಮೋಟಾರಿಗೆ ಒಂದು ಫೇಸು ಹೋದರೆ ಸುಡುವುದು ಹೀಗೆಯೇ. ಸ್ಟಾರ್ ಮೋಟಾರಾಗಿದ್ದರೆ ಎರಡು ಫೇಸು ಸುಟ್ಟು ಒಂದು ಉಳಿಯುತ್ತದೆ.

ಅಂದು ನಡೆದದ್ದನ್ನು ಲೆಕ್ಕದಲ್ಲಿ ಹೇಳುತ್ತೇನೆ, ಏಕೆಂದರೆ ಅದು ತಮ್ಮ ಲೆಕ್ಕವೂ ಹೌದು. ಪೂರ್ತಿ ಲೋಡಿನಲ್ಲಿ ಓಡುತ್ತಿರುವಾಗ ಒಂದು ಫೇಸು ಹೋದರೂ ಮೋಟಾರು ನಿಲ್ಲುವುದಿಲ್ಲ. ಉಳಿದೆರಡು ಲೈನುಗಳಲ್ಲಿ 21ರ ಬದಲು ಸುಮಾರು 36 ಆಂಪಿಯರ್ ಹರಿಯುತ್ತದೆ. ಅದರಲ್ಲಿ ಮೂರನೇ ಎರಡು ಭಾಗ, ಅಂದರೆ 24 ಆಂಪಿಯರ್, ಒಂದೇ ಸುರುಳಿಯ ಪಾಲಿಗೆ ಬರುತ್ತದೆ. 12 ತಾಳಬೇಕಾದ ಸುರುಳಿಗೆ ಎರಡರಷ್ಟು ಕರೆಂಟು, ನಾಲ್ಕರಷ್ಟು ಶಾಖ. ರಿಲೇ 12ರಲ್ಲಿದ್ದರೆ ಎರಡರಷ್ಟನ್ನು ಕಂಡು ಸುರುಳಿ ಸುಡುವ ಮೊದಲೇ ಬೀಳುತ್ತದೆ. 21ರಲ್ಲಿದ್ದರೆ ಅದರ ಕಣ್ಣಿಗೆ 24 ಎಂಬುದು ಶೇಕಡಾ ಹದಿನಾಲ್ಕರ ಹೆಚ್ಚಳ ಮಾತ್ರ. ಒಳಗಿನ ಲೋಹ ಬಿಸಿಗೆ ಬಾಗಿದಾಗ ಬೀಳುವ ಇಂಥ ಬೈಮೆಟಲ್ ರಿಲೇ ತನ್ನ ಸೆಟ್ಟಿಂಗಿನ 1.2 ಪಟ್ಟಿಗೆ ಎರಡು ಗಂಟೆಯೊಳಗೆ ಬೀಳಬೇಕೆಂದು ನಿಯಮವಿದೆಯೇ ಹೊರತು 1.14 ಪಟ್ಟಿಗೆ ಬೀಳಲೇಬೇಕೆಂದೇನೂ ಇಲ್ಲ. ನನ್ನ ಮೋಟಾರಿನಲ್ಲಿ ಬೀಳಲಿಲ್ಲ. ಅರ್ಧ ತೋಟಕ್ಕೆ ಹೂ ನೀರು ಸಿಕ್ಕಿತು, ಇನ್ನರ್ಧ ಮಳೆಗಾಗಿ ಕಾಯಿತು. ಆ ಭಾಗದ ಫಸಲನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೂಲ ಕಾರಣವಾದರೂ ಏನು? ನಮ್ಮದೇ ಮೇನ್ ಸ್ವಿಚ್ಚಿನಲ್ಲಿ, ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಬಿ ಫೇಸಿನ ಕಿಟ್‌ಕ್ಯಾಟ್ ಫ್ಯೂಸಿನ ಹಿಡಿ ಸಡಿಲವಾಗಿ, ಪಿಂಗಾಣಿ ಕಪ್ಪಾಗಿತ್ತು. ನಾನು ಏರಿಸುವ ಮೊದಲು ರಿಲೇ ಬೀಳುತ್ತಿದ್ದದ್ದು ಅದರಿಂದಾದ ಅಸಮತೋಲನಕ್ಕೆ. ವೋಲ್ಟೇಜಿನಲ್ಲಿ ಶೇಕಡಾ 2ರಷ್ಟು ಏರುಪೇರಾದರೆ ಕರೆಂಟಿನಲ್ಲಿ ಅದು ಆರರಿಂದ ಹತ್ತು ಪಟ್ಟಾಗಿ ಕಾಣಿಸಿಕೊಳ್ಳುತ್ತದೆ.

ಅಂದಿನಿಂದ ನಾನು ಬಿಡದೆ ಮಾಡಿಕೊಂಡು ಬಂದಿರುವ ಒಂದು ಪರೀಕ್ಷೆಯಿದೆ. ಪೂರ್ತಿ ಲೋಡಿನಲ್ಲಿ ಓಡುವಾಗ, ಸ್ಟಾರ್ಟರಿಗೆ ಬರುವ ಮೂರು ತಂತಿಗಳ ಆಂಪಿಯರನ್ನು ಕ್ಲಾಂಪ್ ಮೀಟರಿನಲ್ಲಿ ಒಂದೊಂದಾಗಿ ಬರೆದುಕೊಳ್ಳಿರಿ. ಆರ್‌ನಲ್ಲಿ 19, ವೈಯಲ್ಲಿ 20, ಬಿಯಲ್ಲಿ 24 ಬಂದಿತೆನ್ನೋಣ. ಸರಾಸರಿ 21, ಅತಿ ದೂರದ ಅಂತರ 3; ಅಂದರೆ ಶೇಕಡಾ 14. ಐದರೊಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ಓಡಿಸಬಾರದು. ಈಗ ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟಿಲ್ಲವೆಂದು ಟೆಸ್ಟರಿನಲ್ಲಿ ಖಾತ್ರಿ ಮಾಡಿಕೊಂಡು, ಸ್ಟಾರ್ಟರಿಗೆ ಒಳಬರುವ ಮೂರೂ ತಂತಿಗಳನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿರಿ: ಆರ್ ಇದ್ದಲ್ಲಿಗೆ ಬಿ, ವೈ ಇದ್ದಲ್ಲಿಗೆ ಆರ್, ಬಿ ಇದ್ದಲ್ಲಿಗೆ ವೈ. ಮೂರನ್ನೂ ಸರಿಸುವುದರಿಂದ ಮೋಟಾರಿನ ದಿಕ್ಕು ಬದಲಾಗುವುದಿಲ್ಲ. ಬದಲಾದರೆ ತಾವು ಎರಡನ್ನು ಮಾತ್ರ ಅದಲುಬದಲು ಮಾಡಿದ್ದೀರಿ ಎಂದರ್ಥ. ಪುನಃ ಅಳೆಯಿರಿ. ಹೆಚ್ಚಿನ ಆಂಪಿಯರು ಈಗಲೂ ಬಿ ಫೇಸಿನ ತಂತಿಯಲ್ಲೇ ಉಳಿದರೆ ದೋಷವು ಹೊರಗಿನಿಂದ ಬರುವ ಕರೆಂಟಿನಲ್ಲಿ, ಅಂದರೆ ಫ್ಯೂಸು, ಲಗ್ಗು (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ), ಕಂಬದ ಜಂಪರು ಅಥವಾ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಇದೆ. ಅದು ಬೇರೆ ಫೇಸಿನ ತಂತಿಗೆ ಹೋಗಿ, ಸ್ಟಾರ್ಟರಿನ ಅದೇ ಟರ್ಮಿನಲಿಗೆ ಅಂಟಿಕೊಂಡಿದ್ದರೆ ದೋಷ ತಮ್ಮ ಸ್ಟಾರ್ಟರು, ಕೇಬಲು ಅಥವಾ ಮೋಟಾರಿನಲ್ಲಿದೆ. ತಂತಿಗಳಿಗೆ ಮೊದಲೇ ಬಣ್ಣದ ಟೇಪು ಸುತ್ತಿರಿ, ಇಲ್ಲದಿದ್ದರೆ ಗೊಂದಲವಾಗುತ್ತದೆ. ಮೋಟಾರಿನ ಕಡೆಯ ಆರು ತಂತಿಗಳನ್ನು ಮಾತ್ರ ಮುಟ್ಟಲೇಬೇಡಿರಿ. ವೋಲ್ಟೇಜನ್ನೂ ಓಡುವಾಗಲೇ ನೋಡಬೇಕು; ಖಾಲಿ ಇರುವಾಗ ಸಡಿಲ ಹಿಡಿಯೂ 415 ತೋರಿಸುತ್ತದೆ. ಈ ಕೆಲಸ ಅಭ್ಯಾಸವಿಲ್ಲದವರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಮೂರೂ ತಂತಿಗಳಲ್ಲಿ ಸಮವಾಗಿ 24, 25 ಬಂದರೆ ಕಾರಣ ಬೇರೆ. ರಾತ್ರಿ ವೋಲ್ಟೇಜು 350ಕ್ಕೆ ಇಳಿದರೆ ಅಷ್ಟೇ ನೀರೆತ್ತಲು ಮೋಟಾರು 25ರ ಹತ್ತಿರ ಎಳೆಯುತ್ತದೆ. ವೋಲ್ಟೇಜು ಸರಿಯಿದ್ದರೆ ಜೆಟ್‌ಗಳನ್ನು ಎಣಿಸಿರಿ. ಬೇಗ ಮುಗಿಸುವ ಆಸೆಗೆ ನಾಲ್ಕು ಜೆಟ್ ಹೆಚ್ಚು ಬಿಟ್ಟರೆ ಒತ್ತಡ ಇಳಿದು ನೀರು ಹೆಚ್ಚು ಹರಿಯುತ್ತದೆ, ಮತ್ತು ಸೆಂಟ್ರಿಫ್ಯೂಗಲ್ ಪಂಪಿಗೆ ನೀರು ಹೆಚ್ಚಾದಷ್ಟೂ ಲೋಡು ಹೆಚ್ಚು. ವಾಲ್ವ್ ಮುಚ್ಚಿದರೆ ಮೋಟಾರಿಗೆ ಭಾರವಾಗುತ್ತದೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಡೆಲಿವರಿಯ ಗೇಟ್ ವಾಲ್ವನ್ನು ಎರಡು ಸುತ್ತು ಮುಚ್ಚಿ ಮೀಟರು ನೋಡಿರಿ, ಆಂಪಿಯರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆದರೆ ಪೂರ್ತಿ ಮುಚ್ಚಿ ಓಡಿಸಬೇಡಿರಿ, ಒಳಗಿನ ನೀರು ಕಾದು ಸೀಲು ಹೋಗುತ್ತದೆ.

ಒಂದು ಫೇಸು ಹೋದರೆ ಮೋಟಾರು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರು ಇಲ್ಲದಿದ್ದರೆ ಇದೇ ವಾರ ಹಾಕಿಸಿರಿ, ಅದೂ ಕರೆಂಟನ್ನು ನೋಡುವ ಬಗೆಯದನ್ನು. ವೋಲ್ಟೇಜನ್ನು ಮಾತ್ರ ನೋಡುವ ಅಗ್ಗದವು ಮೋಸ ಹೋಗುತ್ತವೆ, ಏಕೆಂದರೆ ಓಡುತ್ತಿರುವ ಮೋಟಾರು ತಪ್ಪಿಹೋದ ಫೇಸಿನಲ್ಲಿ ತಾನೇ ವೋಲ್ಟೇಜು ಹುಟ್ಟಿಸುತ್ತದೆ. ನಮ್ಮಲ್ಲಿ ಮಿನಿಲೆಕ್‌ನದು ವರ್ಷಗಳಿಂದ ನಂಬಿಕೆಗೆ ತಕ್ಕಂತಿದೆ. ರಿಲೇಗೆ ನಾನು ಎಲ್ ಅಂಡ್ ಟಿ (ಈಗ ಲಾರಿಟ್ಜ್ ಕ್ನುಡ್ಸೆನ್ ಹೆಸರಿನಲ್ಲಿ ಬರುವುದು) ಅಥವಾ ಸೀಮೆನ್ಸ್ ಬಿಟ್ಟು ಬೇರೆಯದನ್ನು ತರುವುದಿಲ್ಲ. ಹಳೆಯ ಲೈನಿನ ಮೇಲೆ ಸಿಲ್ವರ್ ಓಕ್ ಮರದ ಕೊಂಬೆ ಬೀಳುವ ನಮ್ಮ ಊರುಗಳಲ್ಲಿ ಇದು ಅನಗತ್ಯ ಖರ್ಚಲ್ಲ.

ಇನ್ನೊಂದು ಮಾತು, ತಾವು ಗುಂಪಿನಲ್ಲಿ ಹಾಕಿರುವ ಚಿತ್ರ ನೋಡಿ ಹೇಳುತ್ತಿದ್ದೇನೆ. ತಮ್ಮ ಕಿಟ್‌ಕ್ಯಾಟಿನಲ್ಲಿ ಫ್ಯೂಸ್ ತಂತಿಯ ಬದಲು ಕೇಬಲಿನ ತಾಮ್ರದ ಎಳೆಗಳನ್ನು ಹೊಸೆದು ಹಾಕಿದ್ದಾರೆ. ರಿಲೇಯನ್ನೂ ಕಟ್ಟಿಹಾಕಿ ಫ್ಯೂಸನ್ನೂ ಕಟ್ಟಿಹಾಕಿದ ಮೇಲೆ ಮೋಟಾರನ್ನು ಕಾಯಲು ಯಾರಿದ್ದಾರೆ? ಅಲ್ಯೂಮಿನಿಯಂ ಕೇಬಲನ್ನು ಲಗ್ಗಿಲ್ಲದೆ ನೇರವಾಗಿ ತಿರುಪಿಗೆ ಸುತ್ತಿರುವುದೂ ಕಾಣುತ್ತಿದೆ; ನಮ್ಮ ಮಳೆಗಾಲದ ತೇವಕ್ಕೆ ಆ ಜಾಗ ಬೂಷ್ಟು ಹಿಡಿದಂತೆ ಬೆಳ್ಳಗಾಗಿ, ಬಿಸಿಯಾಗಿ, ಸಡಿಲವಾಗುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಕೂಡುವಲ್ಲಿ ಬೈಮೆಟಲ್ ಲಗ್ಗು ಹಾಕಿಸಿ, ಕ್ರಿಂಪ್ ಮಾಡಿಸಿ, ಹೂ ನೀರಿಗೆ ಮೊದಲೊಮ್ಮೆ, ಹೂ ಅರಳಿದ ಮೇಲೆ ಕೊಡುವ ಬ್ಯಾಕಿಂಗ್ ನೀರಿಗೆ ಮೊದಲೊಮ್ಮೆ ಬಿಗಿ ನೋಡಿರಿ.

ಹಳೆಯ ರಿಲೇಯನ್ನು ಎಸೆದಿಲ್ಲವೆಂದು ನಂಬಿದ್ದೇನೆ. ರಿಲೇಯ ತಂತಿಗಳು ನೇರವಾಗಿ ಮೋಟಾರಿಗೇ ಹೋಗಿದ್ದರೆ ಅದನ್ನೇ ಮತ್ತೆ ಕೂರಿಸಿ 12ಕ್ಕೆ ಇಟ್ಟು, ಮೂರು ತಂತಿಗಳ ಆಂಪಿಯರನ್ನೂ ಮೂರು ಜೋಡಿಯ ವೋಲ್ಟೇಜನ್ನೂ ಓಡುವಾಗ ಅಳೆದು ಇಲ್ಲಿ ಬರೆಯಿರಿ. ರಾತ್ರಿ ಎಷ್ಟು ಹೊತ್ತಾದರೂ ನೋಡಿ ಉತ್ತರಿಸುತ್ತೇನೆ.