ಯುದ್ಧ ಮಾಡದಿದ್ದರೂ ಸೇನೆಯಲ್ಲಿ ವಿಶಿಷ್ಟ ಸೇವಾ ಪದಕ ಯಾಕೆ ಕೊಡುತ್ತಾರೆ?

ಇದು ಶತ್ರುವಿನ ಎದುರು ತೋರಿಸಿದ ಧೈರ್ಯಕ್ಕಲ್ಲ, ಅಸಾಧಾರಣವಾಗಿ ಮಾಡಿದ ಕೆಲಸಕ್ಕೆ ಕೊಡುವ ಪದಕ. ಗುಂಡು ಹಾರಿಸುವವರ ಹಿಂದೆ ರೇಷನ್ ಸಾಗಿಸುವವರು, ಆಸ್ಪತ್ರೆ ನಡೆಸುವವರು, ವಿಮಾನ ರಿಪೇರಿ ಮಾಡುವವರು ಇರಲೇಬೇಕು ಅಲ್ವಾ? ಅವರ ಕೆಲಸ ಎಷ್ಟೇ ಚೆನ್ನಾಗಿದ್ದರೂ ವೀರ ಚಕ್ರದಂಥ ಶೌರ್ಯ ಪ್ರಶಸ್ತಿಯ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ 1960ರಲ್ಲಿ ಮೂರು ದರ್ಜೆಗಳಲ್ಲಿ ಇದನ್ನು ಶುರು ಮಾಡಿದರು, 1967ರಲ್ಲಿ ಅವುಗಳಿಗೆ ಪರಮ ವಿಶಿಷ್ಟ, ಅತಿ ವಿಶಿಷ್ಟ, ವಿಶಿಷ್ಟ ಸೇವಾ ಪದಕ ಅಂತ ಹೆಸರಿಟ್ಟರು.

ಯೂನಿಫಾರ್ಮ್ ಮೇಲೆ ಗುರುತಿಸುವುದು ಸುಲಭ. ಹಳದಿ ರಿಬ್ಬನ್‌ನಲ್ಲಿ ಒಂದೇ ಕಡುನೀಲಿ ಗೆರೆ ಇದ್ದರೆ ಪರಮ, ಎರಡಿದ್ದರೆ ಅತಿ, ಮೂರಿದ್ದರೆ ಬರೀ ವಿಶಿಷ್ಟ. ಗೆರೆ ಜಾಸ್ತಿ ಆದಷ್ಟೂ ದರ್ಜೆ ಕಮ್ಮಿ! ನಿಯಮದ ಪ್ರಕಾರ ಯಾವ ರ‍್ಯಾಂಕಿನವರಿಗೂ ಕೊಡಬಹುದು, ಆದರೆ ಪರಮ ಸಿಗುವುದು ಹೆಚ್ಚಾಗಿ ಲೆಫ್ಟಿನೆಂಟ್ ಜನರಲ್ ಮಟ್ಟದವರಿಗೇ. ಯುದ್ಧಕಾಲದ ಇಂಥ ಸೇವೆಗೆ 1980ರಿಂದ ಯುದ್ಧ ಸೇವಾ ಪದಕಗಳು ಬೇರೆಯೇ ಇವೆ.